ನನ್ನ ರಸಪ್ರಶ್ನೆ ಪ್ರೋಗ್ರಾಂ ಎಲ್ಲ ಉತ್ತರಕ್ಕೂ ‘ಸರಿ’ ಎನ್ನುತ್ತಿದೆ

ಅರಿವಿನ ಮನೆ · ಅಕ್ಟೋಬರ್ 6, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮ ಅರಿವು ಕೇಂದ್ರದಲ್ಲಿ ಎರಡು ಕಂಪ್ಯೂಟರ್ ಇವೆ. ಅವುಗಳಲ್ಲಿ ಒಂದರ ಮುಂದೆ ಕುಳಿತು ಮೂರು ವಾರಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಹತ್ತು ಹನ್ನೆರಡು ಮಕ್ಕಳು ಇಲ್ಲಿಗೆ ಬರುತ್ತಾರೆ. ರಾಜ್ಯೋತ್ಸವದ ದಿನ ಅವರ ಮುಂದಿಡಲು ಒಂದು ಕನ್ನಡ ರಸಪ್ರಶ್ನೆ ಮಾಡಬೇಕೆಂಬುದು ನನ್ನ ಆಸೆ. ಆಯ್ಕೆಗಳು ಬೇಡ, ಉತ್ತರವನ್ನು ಮಕ್ಕಳೇ ಕನ್ನಡದಲ್ಲಿ ಟೈಪ್ ಮಾಡಬೇಕು.

ಮೊದಲ ಪ್ರಶ್ನೆ: ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟವರು ಯಾರು? ಕುವೆಂಪು ಎಂದರೂ ಸರಿ, ಪುಟ್ಟಪ್ಪ ಎಂದರೂ ಸರಿ. ಹಾಗಾಗಿ ಹೀಗೆ ಬರೆದೆ (ಪೈಥಾನಿನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ):

ಇಫ್ ಉತ್ತರ == "ಕುವೆಂಪು" ಆರ್ "ಪುಟ್ಟಪ್ಪ":

ಆರನೇ ತರಗತಿಯ ಹುಡುಗಿಯೊಬ್ಬಳು ಪರೀಕ್ಷಿಸಲು ‘ಇಡ್ಲಿ’ ಎಂದು ಬರೆದಳು. ‘ಸರಿಯಾದ ಉತ್ತರ’ ಎಂದು ಬಂತು. ಏನು ಬರೆದರೂ ಹಾಗೆಯೇ ಬರುತ್ತದೆ. ದೋಷದ ಸಂದೇಶವೂ ಬರುತ್ತಿಲ್ಲ. ಎಲ್ಲಿ ತಪ್ಪಿದೆ?

ಸಾಲುಮರ · ಅಕ್ಟೋಬರ್ 6, ರಾತ್ರಿ 9:48

ದೋಷದ ಸಂದೇಶ ಬರುವುದಿಲ್ಲ, ಏಕೆಂದರೆ ವ್ಯಾಕರಣದ ಪ್ರಕಾರ ಆ ಸಾಲಿನಲ್ಲಿ ತಪ್ಪಿಲ್ಲ. ಪೈಥಾನ್ ಅದನ್ನು ಎರಡು ತುಂಡಾಗಿ ಓದುತ್ತದೆ. ಮೊದಲ ತುಂಡು, ‘ಉತ್ತರವು ಕುವೆಂಪು ಎಂಬುದಕ್ಕೆ ಸಮವೇ?’ ಎರಡನೆಯ ತುಂಡು, "ಪುಟ್ಟಪ್ಪ" ಎಂಬ ಪದ ಮಾತ್ರ. ಅದನ್ನು ಯಾವುದರ ಜೊತೆಗೂ ಹೋಲಿಸಿಲ್ಲ. ಖಾಲಿಯಲ್ಲದ ಯಾವ ಪಠ್ಯವನ್ನಾದರೂ ಪೈಥಾನ್ ‘ನಿಜ’ ಎಂದೇ ಎಣಿಸುತ್ತದೆ. ‘ಆರ್’ ಇದ್ದಾಗ ಒಂದು ಬದಿ ನಿಜವಾದರೆ ಸಾಕು, ಇಡೀ ಸಾಲು ನಿಜವಾಗುತ್ತದೆ.

ಇದು ಕನ್ನಡದವರಿಗೆ ಸಹಜವಾಗಿಯೇ ಆಗುವ ತಪ್ಪು ಎಂದು ನನಗನ್ನಿಸುತ್ತದೆ. ‘ಉತ್ತರ ಕುವೆಂಪು ಅಥವಾ ಪುಟ್ಟಪ್ಪ ಆಗಿದ್ದರೆ’ ಎನ್ನುವಾಗ ಕೊನೆಯ ‘ಆಗಿದ್ದರೆ’ ಎರಡು ಹೆಸರಿಗೂ ಸಲ್ಲುತ್ತದೆ. ನಮ್ಮ ಕ್ರಿಯಾಪದ ಕೊನೆಯಲ್ಲಿ ನಿಂತು ಎಲ್ಲವನ್ನೂ ಹಿಡಿದಿಡುತ್ತದೆ. ಪೈಥಾನಿನಲ್ಲಿ ಆ ಹಿಡಿತವಿಲ್ಲ.

ಒಪ್ಪುವ ಉತ್ತರಗಳನ್ನೆಲ್ಲ ಒಂದು ಪಟ್ಟಿಯಲ್ಲಿಟ್ಟು, ‘ಇನ್’ ಬಳಸಿ:

ಇಫ್ ಉತ್ತರ ಇನ್ ["ಕುವೆಂಪು", "ಪುಟ್ಟಪ್ಪ", "ಕೆ.ವಿ. ಪುಟ್ಟಪ್ಪ"]:

ನಾಳೆ ಇನ್ನೊಂದು ರೂಪ ನೆನಪಾದರೆ ಪಟ್ಟಿಗೆ ಸೇರಿಸಿದರಾಯಿತು.

ಅರಿವಿನ ಮನೆ · ಅಕ್ಟೋಬರ್ 6, ರಾತ್ರಿ 10:05

ಸರಿಯಾಯಿತು! ‘ಇಡ್ಲಿ’ ಈಗ ತಪ್ಪು. ತುಂಬಾ ಧನ್ಯವಾದ. ಇನ್ನೊಂದು ಸಣ್ಣ ಸಂಗತಿ: ಹತ್ತು ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೂ ಕೊನೆಗೆ ಅಂಕ 1 ಎಂದೇ ತೋರಿಸುತ್ತದೆ.

ಸಾಲುಮರ · ಅಕ್ಟೋಬರ್ 6, ರಾತ್ರಿ 10:09

‘ಅಂಕ = 0’ ಎಂಬ ಸಾಲು ಲೂಪಿನ (ಪ್ರತಿ ಪ್ರಶ್ನೆಗೂ ಮರಳಿ ನಡೆಯುವ ಭಾಗದ) ಒಳಗೆ ಸೇರಿಕೊಂಡಿರಬೇಕು. ಪ್ರತಿ ಪ್ರಶ್ನೆಗೂ ಅಂಕ ಮತ್ತೆ ಸೊನ್ನೆಗೆ ಇಳಿಯುತ್ತಿದೆ. ಅದನ್ನು ಲೂಪಿನ ಮೇಲಕ್ಕೆ ತನ್ನಿ.

ಬಿಸಿಎ ಎರಡನೇ ವರ್ಷ · ಅಕ್ಟೋಬರ್ 7, ಬೆಳಿಗ್ಗೆ 7:30

ಅಕ್ಕ, ಟೈಪ್ ಮಾಡಿಸುವುದು ಬಿಟ್ಟು ನಾಲ್ಕು ಆಯ್ಕೆ ಕೊಡಿ, ಕಷ್ಟವೆಲ್ಲ ಮುಗಿಯುತ್ತದೆ. ನಾನು ಕಾಲೇಜಿನಲ್ಲಿ ಹಾಗೆಯೇ ಮಾಡಿದ್ದೇನೆ. ಆಯ್ಕೆಗಳ ಒಂದು ಪಟ್ಟಿ, ಆಡುವವರು 1ರಿಂದ 4ರ ಒಳಗಿನ ಸಂಖ್ಯೆ ಒತ್ತುತ್ತಾರೆ. ಪಟ್ಟಿಯ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕಳೆದು ಆ ಸ್ಥಾನದಲ್ಲಿರುವುದನ್ನು ತೆಗೆಯುತ್ತೇನೆ. ಆಮೇಲೆ ಇದನ್ನೇ ಡೇಟಾಬೇಸ್ ಇಟ್ಟು ಜಾಲತಾಣವಾಗಿ ಮಾಡಬಹುದು. ಬೇಕಾದರೆ ಪೂರ್ತಿ ಕೋಡ್ ಕಳುಹಿಸುತ್ತೇನೆ.

ಗಣಿತ ಮೇಷ್ಟರು · ಅಕ್ಟೋಬರ್ 7, ಬೆಳಿಗ್ಗೆ 8:15

ಪೂರ್ತಿ ಕೋಡ್ ದಯವಿಟ್ಟು ಕಳುಹಿಸಬೇಡಿ. ಅವರು ಮೂರು ವಾರದಲ್ಲಿ ತಮ್ಮ ಕೈಯಿಂದ ಇಲ್ಲಿಯವರೆಗೆ ಬಂದಿದ್ದಾರೆ. ಜಾಲತಾಣ, ಡೇಟಾಬೇಸ್ ಯಾವುದೂ ಈಗ ಬೇಡ. ಒಂದು ಪರದೆ, ಒಂದು ಪ್ರಶ್ನೆ, ಒಂದು ಉತ್ತರ ಸಾಕು.

ಆಯ್ಕೆ ಕೊಡುವುದರ ಬಗ್ಗೆಯೂ ನನಗೆ ಒಪ್ಪಿಗೆಯಿಲ್ಲ. ನಾಲ್ಕರಲ್ಲಿ ಒಂದನ್ನು ಮುಟ್ಟುವ ಮಗು ಗುರುತಿಸುತ್ತದೆ, ನೆನಪಿನಿಂದ ತೆಗೆಯುವುದಿಲ್ಲ. ಕಣ್ಣು ಮುಚ್ಚಿ ಒತ್ತಿದರೂ ನಾಲ್ಕಕ್ಕೆ ಒಂದು ಸರಿಯಾಗುತ್ತದೆ. ‘ಬೇಂದ್ರೆ’ ಎಂದು ಬರೆಯಲು ಹೊರಟ ಮಗು ದೀರ್ಘವೋ ಹ್ರಸ್ವವೋ ಎಂದು ಅರೆಕ್ಷಣ ನಿಂತು ಯೋಚಿಸುತ್ತದಲ್ಲ, ಆ ಅರೆಕ್ಷಣಕ್ಕಾಗಿಯೇ ಟೈಪ್ ಮಾಡಿಸಬೇಕು.

ನಿಮ್ಮ ಕೋಡಿನಲ್ಲಿ ಒಂದು ಅಪಾಯವೂ ಇದೆ. ಆಡುವವರು 0 ಒತ್ತಿದರೆ ಏನಾಗುತ್ತದೆ ನೋಡಿದ್ದೀರಾ?

ಬಿಸಿಎ ಎರಡನೇ ವರ್ಷ · ಅಕ್ಟೋಬರ್ 7, ಬೆಳಿಗ್ಗೆ 8:52

ಈಗ ನೋಡಿದೆ ಸರ್. 0ಯಿಂದ ಒಂದು ಕಳೆದರೆ −1. ಪೈಥಾನಿನಲ್ಲಿ −1 ಎಂದರೆ ಪಟ್ಟಿಯ ಕೊನೆಯ ಅಂಶ. ಅಂದರೆ 0 ಒತ್ತಿದವರಿಗೆ ನಾಲ್ಕನೇ ಆಯ್ಕೆ ಸಿಗುತ್ತಿತ್ತು, ಅದು ಸರಿ ಉತ್ತರವಾಗಿದ್ದರೆ ಅಂಕವೂ ಸಿಗುತ್ತಿತ್ತು! 5 ಒತ್ತಿದರೆ ಮಾತ್ರ ದೋಷ ಬಂದು ನಿಲ್ಲುತ್ತದೆ. ಸಂಖ್ಯೆ 1ರಿಂದ 4ರ ಒಳಗಿದೆಯೇ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಮತ್ತೆ ಕೇಳುವಂತೆ ಬದಲಿಸಿದ್ದೇನೆ. ಧನ್ಯವಾದ.

ಅರಿವಿನ ಮನೆ · ಅಕ್ಟೋಬರ್ 8, ರಾತ್ರಿ 8:40

ಇಂದು ಉಲ್ಟಾ ಸಮಸ್ಯೆ. ಸರಿಯಾದ ಉತ್ತರವನ್ನು ತಪ್ಪು ಎನ್ನುತ್ತಿದೆ.

ಪ್ರಶ್ನೆ: ಕರ್ನಾಟಕದ ಉತ್ತರದ ತುತ್ತತುದಿಯಲ್ಲಿರುವ ಜಿಲ್ಲೆ ಯಾವುದು? ಉತ್ತರ: ಬೀದರ್. ನಾನು ಟೈಪ್ ಮಾಡಿದರೆ ಸರಿ ಎನ್ನುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಬೇರೆ ಕೀಲಿಮಣೆ ತಂತ್ರಾಂಶವಿದೆ, ಅಲ್ಲಿ ಹುಡುಗನೊಬ್ಬ ಟೈಪ್ ಮಾಡಿದರೆ ತಪ್ಪು ಎನ್ನುತ್ತದೆ. ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದು ಗೆರೆಯೂ ವ್ಯತ್ಯಾಸವಿಲ್ಲ. ಅವನು ‘ನಾನು ಸರಿಯಾಗಿಯೇ ಬರೆದಿದ್ದೇನಲ್ಲ ಮೇಡಂ’ ಎಂದು ಅಳುಮುಖ ಮಾಡಿದ. ಅವನು ಬರೆದದ್ದು ಸರಿಯೇ ಇತ್ತು. ಇದನ್ನು ಸರಿಪಡಿಸದೆ ನಾನು ಈ ಪ್ರೋಗ್ರಾಮನ್ನು ಮಕ್ಕಳ ಮುಂದೆ ಇಡಲಾರೆ.

ಪುಸ್ತಕದಲ್ಲಿ ಹೇಳಿದಂತೆ ‘ಸ್ಟ್ರಿಪ್’ ಬಳಸಿ ಹಿಂದುಮುಂದಿನ ಖಾಲಿ ಜಾಗ ತೆಗೆದಿದ್ದೇನೆ, ‘ಲೋವರ್’ ಕೂಡ ಬಳಸಿದ್ದೇನೆ.

ಸಾಲುಮರ · ಅಕ್ಟೋಬರ್ 8, ರಾತ್ರಿ 9:02

‘ಲೋವರ್’ ಇಲ್ಲಿ ನಿಮಗೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಚಿಕ್ಕಕ್ಷರ ಮಾಡಲು. ಕನ್ನಡದಲ್ಲಿ ಆ ಭೇದವೇ ಇಲ್ಲ. ನಮ್ಮ ಲಿಪಿಗೆ ಬೇರೆಯೇ ಶುದ್ಧೀಕರಣ ಬೇಕು, ಅದನ್ನು ಪುಸ್ತಕಗಳು ಹೇಳುವುದಿಲ್ಲ.

ಮೊದಲು ಕಣ್ಣಿಗೆ ಕಾಣದ್ದನ್ನು ಕಾಣುವಂತೆ ಮಾಡೋಣ. ಹುಡುಗನ ಉತ್ತರವನ್ನು ‘ಲಿಸ್ಟ್’ ಒಳಗೆ ಹಾಕಿ ಪ್ರಿಂಟ್ ಮಾಡಿ. ನಿಮ್ಮ ಉತ್ತರವನ್ನೂ ಹಾಗೆಯೇ ಮಾಡಿ. ಜೊತೆಗೆ ಎರಡರ ಉದ್ದವನ್ನೂ ‘ಲೆನ್’ ಬಳಸಿ ನೋಡಿ ಹೇಳಿ.

ಅರಿವಿನ ಮನೆ · ಅಕ್ಟೋಬರ್ 9, ಸಂಜೆ 6:20

ನನ್ನ ಬೀದರ್‌ನ ಉದ್ದ 5. ಬ, ೀ, ದ, ರ, ್ ಎಂದು ಬಿಡಿಬಿಡಿಯಾಗಿ ಬಂತು. ಹುಡುಗನದರ ಉದ್ದ 6. ಕೊನೆಯಲ್ಲಿ ‘ಯು200ಸಿ’ ಎಂಬ ಗುರುತು ಹೆಚ್ಚುವರಿಯಾಗಿ ಇದೆ. ಅದು ಏನು? ಇನ್ನೊಂದು ಬೆರಗು: ‘ಕುವೆಂಪು’ ಎಂಬುದರ ಉದ್ದ 7 ಎಂದು ಬರುತ್ತದೆ. ನಮಗೆ ಅದು ಮೂರು ಅಕ್ಷರ.

ಅಕ್ಷರಜೋಡಕ · ಅಕ್ಟೋಬರ್ 9, ರಾತ್ರಿ 7:45

ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಪುಟಗಳನ್ನು ಜೋಡಿಸುವ ಕೆಲಸ ಮಾಡುತ್ತಿದ್ದೇನೆ, ಇದಕ್ಕೆ ನಾನು ಉತ್ತರಿಸುತ್ತೇನೆ.

ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತಗಳ ಏರ್ಪಾಡಿಗೆ ಯೂನಿಕೋಡ್ ಎಂದು ಹೆಸರು. ಯೂನಿಕೋಡಿನಲ್ಲಿ ಕನ್ನಡದ ಮೂಲಾಕ್ಷರಗಳೂ ಸ್ವರಚಿಹ್ನೆಗಳೂ ಬೇರೆ ಬೇರೆ ಸಂಕೇತಗಳು. ‘ಕು’ ಎಂಬುದು ‘ಕ’ ಮತ್ತು ಕೊಂಬು, ಎರಡು. ಅನುಸ್ವಾರ ಇನ್ನೊಂದು. ಹಾಗಾಗಿ ಕುವೆಂಪು ಏಳು. ಪೈಥಾನ್ ಎಣಿಸುವುದು ಈ ಸಂಕೇತಗಳನ್ನು, ನಾವು ಎಣಿಸುವುದು ಉಚ್ಚಾರದ ಅಕ್ಷರಗಳನ್ನು. ಮುಂದೆ ನೀವು ‘ಸುಳಿವು: ಮೊದಲ ಅಕ್ಷರ’ ಎಂದು ತೋರಿಸಲು ಹೊರಟರೆ ‘ಕು’ ಬದಲು ಬರೀ ‘ಕ’ ಬರುತ್ತದೆ. ಈಗಲೇ ತಿಳಿದಿರಲಿ.

ಆ ‘ಯು200ಸಿ’ ಅಗಲವಿಲ್ಲದ ಒಂದು ಗುರುತು. ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಬೇರೆಯಾಗಿ ನಿಂತು ‘ಕು’ ಪಕ್ಕದಲ್ಲಿ ಬರುವುದು ಅದರಿಂದಲೇ, ಇಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಕೆಲವು ಕೀಲಿಮಣೆಗಳು ಅರ್ಧಾಕ್ಷರ ಬಂದಲ್ಲೆಲ್ಲ, ಪದದ ಕೊನೆಯಲ್ಲೂ, ಅದನ್ನು ತಾವಾಗಿಯೇ ಸೇರಿಸುತ್ತವೆ. ಅದು ಖಾಲಿ ಜಾಗ ಅಲ್ಲವಾದ್ದರಿಂದ ‘ಸ್ಟ್ರಿಪ್’ ಅದನ್ನು ಮುಟ್ಟುವುದಿಲ್ಲ. ಅದರ ಜೊತೆಗಾರ ‘ಯು200ಡಿ’ ಕೂಡ ಇದೆ, ಅದು ಕೂಡಿಸುವ ಗುರುತು.

ಕಾಣದೆ ಕಾಡುವವು ಇನ್ನೂ ಎರಡಿವೆ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಕೊಂಬು ಎಂದು ಎರಡಾಗಿಯೂ ಬರೆಯಬಹುದು. ಕಾಣುವುದು ಒಂದೇ ರೂಪ. ‘ೀ’, ‘ೇ’, ‘ೈ’, ‘ೋ’ ಚಿಹ್ನೆಗಳಿಗೂ ಇದೇ ಕಥೆ. ಎರಡನೆಯದು ನಮ್ಮ ಕಡೆಯ ಹಳೆಯ ರೋಗ: ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುವುದು. ‘ತುಂಗಾ’ ಮತ್ತು ‘ತು೦ಗಾ’ ಇವೆರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಅಂಕಿ. ನಾನು ತಿದ್ದುವ ಕರಡುಗಳಲ್ಲಿ ಇದು ಸಿಗದ ದಿನವಿಲ್ಲ.

ಸಾಲುಮರ · ಅಕ್ಟೋಬರ್ 9, ರಾತ್ರಿ 8:30

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಈಗ ಪರಿಹಾರ. ‘ಶುದ್ಧಮಾಡು’ ಎಂಬ ಒಂದು ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಕೋಡಿನ ತುಣುಕು) ಬರೆಯಿರಿ. (ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ನೀವು ‘ಉತ್ತರ’, ‘ಅಂಕ’ ಎಂದು ಇಟ್ಟಿರುವುದು ನನಗೆ ಬಹಳ ಇಷ್ಟವಾಯಿತು.) ಅದು ಒಂದು ಪಠ್ಯವನ್ನು ಪಡೆದು, ಮೊದಲು ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ (ಪೈಥಾನ್ ಜೊತೆ ಬರುವ ಸಿದ್ಧ ಕೋಡಿನ ಕಂತೆಯ) ‘ನಾರ್ಮಲೈಸ್’ ಬಳಸಿ ‘ಎನ್‌ಎಫ್‌ಸಿ’ ರೂಪಕ್ಕೆ ತರಬೇಕು. ಇದರಿಂದ ಎರಡಾಗಿ ಬರೆದ ಸ್ವರಚಿಹ್ನೆಗಳು ಒಂದಾಗುತ್ತವೆ. ಆದರೆ ಇದು ಅಗಲವಿಲ್ಲದ ಗುರುತುಗಳನ್ನು ತೆಗೆಯುವುದಿಲ್ಲ, ಆದ್ದರಿಂದ ‘ರಿಪ್ಲೇಸ್’ ಬಳಸಿ ಆ ಎರಡನ್ನೂ ಅಳಿಸಿ. ಕೊನೆಗೆ ‘ಸ್ಟ್ರಿಪ್’.

ಬಹಳ ಮುಖ್ಯವಾದದ್ದು: ಮಗುವಿನ ಉತ್ತರವನ್ನು ಮಾತ್ರ ಶುದ್ಧಮಾಡಿದರೆ ಸಾಲದು. ನೀವು ಪಟ್ಟಿಯಲ್ಲಿಟ್ಟ ಸರಿ ಉತ್ತರಗಳನ್ನೂ ಅದೇ ಫಂಕ್ಷನ್ನಿಗೆ ಕೊಡಿ. ಎರಡೂ ಕಡೆ ಒಂದೇ ಜರಡಿ ಹಿಡಿದರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ. ನಿಮ್ಮ ಪಟ್ಟಿಯಲ್ಲೇ ಆ ಗುರುತು ಇದ್ದು, ಮಗುವಿನ ಉತ್ತರದಲ್ಲಿ ಇಲ್ಲದೆಯೂ ಹೋಗಬಹುದು.

ಬಿಸಿಎ ಎರಡನೇ ವರ್ಷ · ಅಕ್ಟೋಬರ್ 9, ರಾತ್ರಿ 9:11

ಅದೇ ಫಂಕ್ಷನ್ನಿನಲ್ಲಿ ಸೊನ್ನೆಯನ್ನೂ ಅನುಸ್ವಾರಕ್ಕೆ ಬದಲಿಸಿಬಿಟ್ಟರೆ?

ಗಣಿತ ಮೇಷ್ಟರು · ಅಕ್ಟೋಬರ್ 9, ರಾತ್ರಿ 9:30

ಹಾಗಾದರೆ ‘೨೦೧೦’ ಎಂದು ಬರೆದ ಮಗುವಿನ ಗತಿ? ಕಂಬಾರರ ಜ್ಞಾನಪೀಠದ ವರ್ಷ ಅದು. ಇಸವಿಯ ಸೊನ್ನೆಗಳೆಲ್ಲ ಅನುಸ್ವಾರವಾಗಿಬಿಡುತ್ತವೆ. ಉತ್ತರ ಸಂಖ್ಯೆಯೋ ಪದವೋ ಎಂದು ಪ್ರತಿ ಪ್ರಶ್ನೆಯ ಜೊತೆ ಬರೆದಿಡಿ. ಪದವಾದರೆ ಮಾತ್ರ ಸೊನ್ನೆಯನ್ನು ಬದಲಿಸಿ.

ಸಂಖ್ಯೆಯ ಉತ್ತರಕ್ಕೆ ಪೈಥಾನಿನಲ್ಲಿ ಒಂದು ಸೊಗಸಾದ ಅನುಕೂಲವಿದೆ. ‘ಇನ್‌ಪುಟ್’ ಏನು ಕೊಟ್ಟರೂ ಅದು ಪಠ್ಯವೇ, ಸಂಖ್ಯೆಯಲ್ಲ. ಪಠ್ಯವಾಗಿ ಹೋಲಿಸಿದರೆ ‘೧೯೭೩’ ಮತ್ತು ‘1973’ ಬೇರೆ ಬೇರೆ. ಆದರೆ ಪಠ್ಯವನ್ನು ಸಂಖ್ಯೆಯಾಗಿಸುವ ‘ಇಂಟ್’ ಒಳಗೆ ಹಾಕಿದರೆ ಅದು ಕನ್ನಡ ಅಂಕಿಗಳನ್ನೂ ಓದುತ್ತದೆ, ಎರಡೂ ಒಂದೇ ಸಂಖ್ಯೆಯಾಗುತ್ತವೆ. ನನ್ನ ತರಗತಿಯಲ್ಲಿ ಇದನ್ನು ತೋರಿಸಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಮಗು ಸಂಖ್ಯೆಯ ಬದಲು ಪದ ಬರೆದರೆ ‘ವ್ಯಾಲ್ಯೂ ಎರರ್’ ಬಂದು ಪ್ರೋಗ್ರಾಂ ನಿಂತುಹೋಗುತ್ತದೆ, ಅದಕ್ಕೆ ದೋಷವನ್ನು ಹಿಡಿಯುವ ‘ಟ್ರೈ’, ‘ಎಕ್ಸೆಪ್ಟ್’ ಹಾಕಿ ‘ಅಂಕಿಯಲ್ಲಿ ಬರೆಯಿರಿ’ ಎಂದು ಮತ್ತೆ ಕೇಳಿ.

ಅರಿವಿನ ಮನೆ · ಅಕ್ಟೋಬರ್ 11, ರಾತ್ರಿ 9:00

‘ಶುದ್ಧಮಾಡು’ ಬರೆದೆ. ಬೀದರ್ ಎರಡೂ ಕಂಪ್ಯೂಟರಿನಲ್ಲಿ ಸರಿ ಬಂತು. ಆ ಹುಡುಗನನ್ನು ಕರೆದು ಮೊದಲು ಅವನಿಂದಲೇ ಟೈಪ್ ಮಾಡಿಸಿದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷದ ಪ್ರಶ್ನೆಗೆ ಒಬ್ಬಳು ೧೯೭೩ ಎಂದೂ ಒಬ್ಬ 1973 ಎಂದೂ ಬರೆದರು, ಇಬ್ಬರಿಗೂ ಅಂಕ ಬಂತು. 1956 ಎಂದು ಬರೆದವರೇ ಹೆಚ್ಚು. ಏಕೀಕರಣಕ್ಕೂ ನಾಮಕರಣಕ್ಕೂ ನಡುವೆ ಹದಿನೇಳು ವರ್ಷ ಇದೆಯೆಂದು ಅವರಿಗೆ ಅಂದೇ ತಿಳಿಯಿತು.

ಎರಡು ಹೊಸ ತೊಂದರೆ. ಒಂದು, ಪ್ರಶ್ನೆಗಳ ಕ್ರಮ ಬದಲಿಸಲು ‘ಶಫಲ್’ ಬಳಸಿದೆ, ಪಟ್ಟಿಯೇ ಮಾಯವಾಗಿ ‘ನನ್’ (ಅಂದರೆ ಏನೂ ಇಲ್ಲ) ಎಂದು ಬರುತ್ತಿದೆ. ಎರಡು, ನಿವೃತ್ತ ಶಿಕ್ಷಕರೊಬ್ಬರು ನೂರಾರು ಪ್ರಶ್ನೆಗಳಿರುವ ಕಡತ ಕೊಟ್ಟಿದ್ದಾರೆ. ತೆರೆದಾಗ ಕನ್ನಡ ಚೆನ್ನಾಗಿ ಕಾಣುತ್ತದೆ. ನಕಲು ಮಾಡಿ ಪ್ರೋಗ್ರಾಮಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ.

ಸಾಲುಮರ · ಅಕ್ಟೋಬರ್ 11, ರಾತ್ರಿ 9:20

‘ಶಫಲ್’ ಇದ್ದ ಪಟ್ಟಿಯನ್ನೇ ಕಲಸುತ್ತದೆ, ಹೊಸದನ್ನು ಹಿಂತಿರುಗಿಸುವುದಿಲ್ಲ. ನೀವು ‘ಪ್ರಶ್ನೆಗಳು = ಶಫಲ್(ಪ್ರಶ್ನೆಗಳು)’ ಎಂದು ಬರೆದಿರಬೇಕು. ಎಡಭಾಗವನ್ನು ಅಳಿಸಿ.

ಅಕ್ಷರಜೋಡಕ · ಅಕ್ಟೋಬರ್ 11, ರಾತ್ರಿ 10:15

ಆ ಕಡತ ಹಳೆಯ ನುಡಿ ಅಥವಾ ಬರಹ ಫಾಂಟಿನದು. ಅದರೊಳಗೆ ಕನ್ನಡದ ಸಂಕೇತಗಳೇ ಇಲ್ಲ. ಇರುವುದು ರೋಮನ್ ಅಕ್ಷರಗಳ ಸಂಕೇತಗಳು, ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರಿಸುತ್ತದೆ. ಫಾಂಟ್ ಕಳಚಿದರೆ ಕನ್ನಡವೂ ಕಳಚುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ, ಪರಿವರ್ತನೆ ಎಡವುವುದು ಅಲ್ಲಿಯೇ. ಆ ಶಿಕ್ಷಕರ ಶ್ರಮ ಹಳೆಯ ಫಾಂಟಿನಲ್ಲಿ ಸಿಕ್ಕಿಹಾಕಿಕೊಂಡು ಉಳಿಯಬಾರದು, ದಯವಿಟ್ಟು ಇಷ್ಟು ಮಾಡಿ.

ಗಣಿತ ಮೇಷ್ಟರು · ಅಕ್ಟೋಬರ್ 12, ಬೆಳಿಗ್ಗೆ 6:50

ಹಳೆಯ ಪ್ರಶ್ನೆಗಳ ಉತ್ತರಗಳನ್ನೂ ಪರಿಶೀಲಿಸಿ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ ಎಂಬ ಪ್ರಶ್ನೆಗೆ ಅದರಲ್ಲಿ 30 ಎಂದು ಇದ್ದೀತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ 31. ಈ ಕಾರಣಕ್ಕೇ ಪ್ರಶ್ನೆಗಳನ್ನು ಪ್ರೋಗ್ರಾಮಿನ ಒಳಗೆ ಬರೆಯದೆ ಬೇರೆ ಕಡತದಲ್ಲಿಡಬೇಕು. ಉತ್ತರ ಬದಲಾದಾಗ ಪ್ರೋಗ್ರಾಂ ತಿಳಿಯದವರೂ ತಿದ್ದಬಹುದು.

ಕಡಲಾಚೆ ಕನ್ನಡ · ಅಕ್ಟೋಬರ್ 13, ರಾತ್ರಿ 1:35

ನಾನು ಸಿಂಗಪುರದಲ್ಲಿ ವಾರಾಂತ್ಯದಲ್ಲಿ ಕೆಲವು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಈ ಚರ್ಚೆಯನ್ನು ಮೊದಲಿನಿಂದ ಓದಿ ನನ್ನ ಮಕ್ಕಳಿಗೂ ಒಂದು ಮಾಡಿದೆ. ಅವರು ‘ಬೆಂದ್ರೆ’ ಎಂದು ಬರೆಯುತ್ತಾರೆ. ಪೂರ್ತಿ ತಪ್ಪು ಎಂದು ಹೇಳಲು ಮನಸ್ಸು ಬರುವುದಿಲ್ಲ. ‘ಡಿಫ್‌ಲಿಬ್’ ಎಂಬ ಮಾಡ್ಯೂಲ್ ಎರಡು ಪದಗಳ ಹೋಲಿಕೆಯನ್ನು 0ಯಿಂದ 1ರೊಳಗೆ ಅಳೆಯುತ್ತದೆ. ಬೇಂದ್ರೆ, ಬೆಂದ್ರೆ ಇವುಗಳ ಹೋಲಿಕೆ ಸುಮಾರು 0.86. ಅದರ ‘ಗೆಟ್ ಕ್ಲೋಸ್ ಮ್ಯಾಚಸ್’ ಫಂಕ್ಷನ್ ತಾನಾಗಿಯೇ 0.6ಕ್ಕೆ ಮೇಲ್ಪಟ್ಟದ್ದನ್ನು ಒಪ್ಪುತ್ತದೆ. ಅದನ್ನೇ ಬಳಸಬಹುದೇ?

ಗಣಿತ ಮೇಷ್ಟರು · ಅಕ್ಟೋಬರ್ 13, ಬೆಳಿಗ್ಗೆ 7:05

0.6 ಬಹಳ ಸಡಿಲ. ಶಿವಮೊಗ್ಗ ಯಾವ ನದಿಯ ದಂಡೆಯ ಮೇಲಿದೆ? ತುಂಗಾ. ಮಗು ‘ತುಂಗಭದ್ರಾ’ ಎಂದು ಬರೆದರೆ ಹೋಲಿಕೆ 0.71 ಬರುತ್ತದೆ, ನಿಮ್ಮ ಪ್ರೋಗ್ರಾಂ ಸರಿ ಎಂದುಬಿಡುತ್ತದೆ. ಶಿವಮೊಗ್ಗವನ್ನು ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿದ ಮೇಲಷ್ಟೇ ಅದು ತುಂಗಭದ್ರಾ. ಆ ಪ್ರಶ್ನೆಯ ಜೀವವೇ ಆ ವ್ಯತ್ಯಾಸದಲ್ಲಿದೆ. ‘ತುಂಗೆ’ ಎಂದರೆ 0.8, ಅದನ್ನು ಒಪ್ಪಬೇಕು. ಹಾಗಾಗಿ ಗೆರೆಯನ್ನು 0.8ಕ್ಕೆ ಎಳೆಯಿರಿ.

ಅರಿವಿನ ಮನೆ · ಅಕ್ಟೋಬರ್ 13, ಮಧ್ಯಾಹ್ನ 2:10

ನಾನು ಹೀಗೆ ಮಾಡಲೇ? ಪೂರ್ತಿ ಹೊಂದಿದರೆ ಅಂಕ. 0.8 ಅಥವಾ ಹೆಚ್ಚಿದ್ದರೆ ಅಂಕವನ್ನೂ ಕೊಡುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ‘ಹತ್ತಿರ ಬಂದಿದ್ದೀರಿ, ಕಾಗುಣಿತ ಇನ್ನೊಮ್ಮೆ ನೋಡಿ’ ಎಂದು ಹೇಳಿ ಮತ್ತೊಂದು ಅವಕಾಶ ಕೊಡುತ್ತೇನೆ. ‘ತುಂಗೆ’ಯನ್ನು ಒಪ್ಪುವ ಉತ್ತರಗಳ ಪಟ್ಟಿಗೇ ಸೇರಿಸುತ್ತೇನೆ.

ಕಡಲಾಚೆ ಕನ್ನಡ · ಅಕ್ಟೋಬರ್ 13, ಸಂಜೆ 4:00

ಇದು ನನ್ನ ಯೋಚನೆಗಿಂತ ಒಳ್ಳೆಯದು. ಇಂದೇ ಬದಲಿಸುತ್ತೇನೆ.

ಅರಿವಿನ ಮನೆ · ಅಕ್ಟೋಬರ್ 20, ರಾತ್ರಿ 8:15

ಪ್ರಶ್ನೆಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ ‘ಸಿಎಸ್‌ವಿ’ ಎಂಬ ಸರಳ ಪಠ್ಯದ ಕಡತವಾಗಿ ಉಳಿಸಿದೆ. ‘ಡಿಕ್ಟ್‌ರೀಡರ್’ (ಪ್ರತಿ ಸಾಲನ್ನು ಅಂಕಣದ ಹೆಸರಿನೊಂದಿಗೆ ಓದುವ ಸಾಧನ) ಬಳಸಿ ಓದಿದರೆ ‘ಪ್ರಶ್ನೆ’ ಎಂಬ ಅಂಕಣವೇ ಇಲ್ಲ ಎನ್ನುತ್ತದೆ. ಕಡತದ ಮೊದಲ ಸಾಲಿನಲ್ಲಿ ಅದೇ ಇದೆ. ಉಳಿದ ಅಂಕಣಗಳು ಸಿಗುತ್ತವೆ. ಈ ಬಾರಿ ನಾನೇ ‘ಲಿಸ್ಟ್’ ಹಾಕಿ ನೋಡಿದೆ. ‘ಪ್ರಶ್ನೆ’ಯ ಮುಂದೆ ‘ಯುಎಫ್‌ಇಎಫ್‌ಎಫ್’ ಎಂಬ ಗುರುತು ಕುಳಿತಿದೆ.

ಸಾಲುಮರ · ಅಕ್ಟೋಬರ್ 20, ರಾತ್ರಿ 8:31

ರೋಗವನ್ನು ನೀವೇ ಪತ್ತೆ ಮಾಡಿದ್ದೀರಿ, ನನಗೆ ಬಹಳ ಸಂತೋಷವಾಯಿತು. ಕಡತ ಯುಟಿಎಫ್-8 (ಯೂನಿಕೋಡನ್ನು ಕಡತದಲ್ಲಿ ಬರೆದಿಡುವ ಬಗೆ) ಎಂದು ಸೂಚಿಸಲು ಎಕ್ಸೆಲ್ ಆರಂಭದಲ್ಲಿ ಆ ಗುರುತು ಹಾಕುತ್ತದೆ. ಕಡತ ತೆರೆಯುವಾಗ ‘ಎನ್‌ಕೋಡಿಂಗ್’ ಎಂಬಲ್ಲಿ ‘ಯುಟಿಎಫ್-8-ಸಿಗ್’ ಎಂದು ಕೊಡಿ, ಪೈಥಾನ್ ಅದನ್ನು ತೆಗೆದುಹಾಕುತ್ತದೆ. ಎನ್‌ಕೋಡಿಂಗ್ ಬರೆಯುವುದನ್ನು ಮಾತ್ರ ಎಂದೂ ಬಿಡಬೇಡಿ. ಬಿಟ್ಟರೆ ಪೈಥಾನ್ ಆ ಕಂಪ್ಯೂಟರಿನ ರೂಢಿಯನ್ನು ಹಿಡಿಯಬಹುದು, ವಿಂಡೋಸ್‌ನಲ್ಲಿ ಕನ್ನಡ ಕೆಡುವುದು ಹಾಗೆಯೇ.

ಅರಿವಿನ ಮನೆ · ನವೆಂಬರ್ 2, ಬೆಳಿಗ್ಗೆ 10:30

ನಿನ್ನೆ ಆಡಿದರು. ಧ್ವಜ ಏರಿಸಿದ ಮೇಲೆ ಹತ್ತೂವರೆಗೆ ಶುರುವಾಗಿ ಮಧ್ಯಾಹ್ನದ ಊಟದವರೆಗೂ ಬಿಡಲಿಲ್ಲ. ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಪ್ರಶ್ನೆ ಕೊಟ್ಟ ಶಿಕ್ಷಕರು ಬಂದು ಹಿಂದೆ ಕುಳಿತಿದ್ದರು, ತಮ್ಮ ಪ್ರಶ್ನೆ ಪರದೆಯ ಮೇಲೆ ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದರು. ‘ಕಾಗುಣಿತ ಇನ್ನೊಮ್ಮೆ ನೋಡಿ’ ಎಂದು ಬಂದಾಗ ಮಕ್ಕಳು ಪಕ್ಕದ ಕಪಾಟಿನಿಂದ ನಿಘಂಟು ತೆಗೆದು ನೋಡಿದರು. ಆ ನಿಘಂಟನ್ನು ಈ ವರ್ಷ ಯಾರೂ ಮುಟ್ಟಿರಲಿಲ್ಲ.

ಬೀದರ್ ಹುಡುಗ ಪ್ರಶ್ನೆಗಳ ಕಡತ ಎಲ್ಲಿದೆಯೆಂದು ಹುಡುಕಿ, ತೆರೆದು, ಉತ್ತರಗಳನ್ನೆಲ್ಲ ಓದಿಬಿಟ್ಟಿದ್ದ. ನಾನು ಗದರಲಿಲ್ಲ. ಐದು ಹೊಸ ಪ್ರಶ್ನೆ ನೀನೇ ಸೇರಿಸು ಎಂದೆ. ನೋಟ್‌ಪ್ಯಾಡಿನಲ್ಲಿ ಸೇರಿಸಿದ. ಈಗ ಅವನ ಎರಡು ಪ್ರಶ್ನೆಗಳಲ್ಲಿ ಪ್ರಶ್ನೆಯ ಅರ್ಧ ಭಾಗ ಉತ್ತರದ ಅಂಕಣಕ್ಕೆ ಜಾರಿದೆ.

ಸಾಲುಮರ · ನವೆಂಬರ್ 2, ಬೆಳಿಗ್ಗೆ 11:02

ಪ್ರಶ್ನೆಯಲ್ಲಿ ಅಲ್ಪವಿರಾಮ ಬಳಸಿದ್ದಾನೆ. ಸಿಎಸ್‌ವಿ ಕಡತದಲ್ಲಿ ಅಂಕಣಗಳನ್ನು ಬೇರ್ಪಡಿಸುವುದೂ ಅದೇ ಚಿಹ್ನೆ. ಪ್ರಶ್ನೆಯ ಎರಡೂ ತುದಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಬೇಕು. ಎಕ್ಸೆಲ್‌ನಲ್ಲಿ ಬರೆದಿದ್ದರೆ ಅದೇ ಹಾಕಿಕೊಳ್ಳುತ್ತಿತ್ತು. ಆದರೆ ದಯವಿಟ್ಟು ನೀವು ಸರಿಪಡಿಸಬೇಡಿ, ಅವನಿಗೇ ಹೇಳಿ.

ಅರಿವಿನ ಮನೆ · ನವೆಂಬರ್ 2, ಸಂಜೆ 5:50

ಹೇಳಿದೆ. ಪಕ್ಕದಲ್ಲೇ ಕುಳಿತು ಹಾಕುತ್ತಿದ್ದಾನೆ. ಒಂದು ಸಾಲು ಮುಗಿದಿದೆ, ಇನ್ನೊಂದರಲ್ಲಿ ಮುಚ್ಚುವ ಚಿಹ್ನೆಯನ್ನು ಮರೆತು ಮುಂದಿನ ಮೂರು ಪ್ರಶ್ನೆಗಳೂ ಒಂದೇ ಆಗಿ ಬಂದವು. ಏಕೆ ಹಾಗಾಯಿತೆಂದು ಅವನೇ ‘ಲಿಸ್ಟ್’ ಹಾಕಿ ನೋಡುತ್ತಿದ್ದಾನೆ.